ಚಿನ್ನಸ್ವಾಮಿಯಲ್ಲಿ ಒಂದು ಮಂಗಳವಾರ, ಕೈಯಲ್ಲಿ ಸ್ಕೋರ್ ಪುಸ್ತಕ

ಟೆಸ್ಟ್ ಮ್ಯಾಚ್‌ಗೆ ಹೋದಾಗಲೆಲ್ಲ ನಾನು ಸ್ಕೋರ್ ಬರೆಯುತ್ತೇನೆ. ಒಂದೊಂದು ಬಾಲೂ, ಪೆನ್ಸಿಲ್‌ನಲ್ಲಿ. ಕಲಿಸಿದ್ದು ಅಪ್ಪ. ಅವರ ಕಾಲದಲ್ಲಿ ರೇಡಿಯೋ ಕಾಮೆಂಟರಿ ಕೇಳುತ್ತಾ ನೋಟ್‌ಬುಕ್ಕಿನ ಕೊನೇ ಹಾಳೆಗಳಲ್ಲಿ ಗೆರೆ ಎಳೆದು ಬರೆದುಕೊಳ್ಳುತ್ತಿದ್ದರಂತೆ. ರನ್ ಬಂದರೆ ಅಂಕಿ, ಬರದಿದ್ದರೆ ಚುಕ್ಕೆ. ಓವರ್ ಪೂರ್ತಿ ರನ್ ಇಲ್ಲದಿದ್ದರೆ ಮೂರು ಮೂರರಂತೆ ಎರಡು ಸಾಲು ಚುಕ್ಕೆ ನಿಲ್ಲುತ್ತವೆ, ಅವನ್ನು ಗೆರೆಯಿಂದ ಕೂಡಿಸಿದರೆ ಇಂಗ್ಲಿಷಿನ ‘ಎಂ’ ಆಗುತ್ತದೆ. ಮೇಡನ್ ಓವರ್. ಚಿಕ್ಕವಳಿದ್ದಾಗ ನನಗೆ ಅದನ್ನು ಕೂಡಿಸೋದೇ ದೊಡ್ಡ ಖುಷಿ.

ನಾನು ಬರೆದ ದಿನಗಳಲ್ಲಿ ನನಗೆ ಅತೀ ಇಷ್ಟವಾದದ್ದು 2017ರ ಮಾರ್ಚ್ 7, ಆಸ್ಟ್ರೇಲಿಯಾ ವಿರುದ್ಧದ ಬೆಂಗಳೂರು ಟೆಸ್ಟ್‌ನ ನಾಲ್ಕನೇ ದಿನ. ಮಂಗಳವಾರ. ರಜೆ ಹಾಕಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದಾಗ ಹೊಟ್ಟೆಯಲ್ಲಿ ಸಂಕಟ. ಯಾಕೆಂದರೆ ಅದಕ್ಕೆ ಮುಂಚೆ ಪುಣೆಯಲ್ಲಿ ಮೂರೇ ದಿನಕ್ಕೆ 333 ರನ್‌ಗಳಿಂದ ಸೋತಿದ್ದೆವು. ಇಲ್ಲೂ ಮೊದಲ ಇನ್ನಿಂಗ್ಸ್‌ನಲ್ಲಿ 189ಕ್ಕೆ ಆಲೌಟ್, ಅವರ ಸ್ಪಿನ್ನರ್ ಲಯನ್ ಒಬ್ಬರೇ 50 ರನ್ ಕೊಟ್ಟು 8 ವಿಕೆಟ್ ತೆಗೆದಿದ್ದರು. ಅವತ್ತು ಬೆಳಿಗ್ಗೆ ನಮ್ಮದು 4 ವಿಕೆಟ್‌ಗೆ 213, ಪೂಜಾರ 79, ರಹಾನೆ 40. ಎರಡೂ ಇನ್ನಿಂಗ್ಸ್ ಸೇರಿಸಿ ಅವರಿಗಿಂತ ನಾವು ಮುಂದಿದ್ದದ್ದು, ಅಂದರೆ ಲೀಡ್, 126 ಅಷ್ಟೇ.

ನಾನು ಯಾವಾಗಲೂ ಪಿಚ್‌ನ ಪಕ್ಕಕ್ಕೆ ಬರುವ ಸೀಟು ನೋಡುತ್ತೇನೆ. ಬೌಲರ್ ಹಿಂದೆ ಕೂತರೆ ಬಾಲ್ ಎಷ್ಟು ತಿರುಗಿತು ಅಂತ ಕಾಣುತ್ತದೆ, ನಿಜ. ಪಕ್ಕದಿಂದ ನೋಡಿದರೆ ಎಷ್ಟು ಎದ್ದಿತು, ಎಷ್ಟು ಕೆಳಗೇ ಉಳಿಯಿತು ಅನ್ನೋದು ಕಾಣುತ್ತದೆ. ಆ ಪಿಚ್‌ನಲ್ಲಿ ಅದೇ ಮುಖ್ಯವಾಗಿತ್ತು. ಒಂದು ಬಾಲ್ ಎದೆಗೆ ಬರುತ್ತಿತ್ತು, ಅದೇ ಜಾಗದಲ್ಲಿ ಬಿದ್ದ ಇನ್ನೊಂದು ಕಾಲಿನ ಹತ್ತಿರ ಹೋಗುತ್ತಿತ್ತು.

ಪೂಜಾರ, ರಹಾನೆ ಜೊತೆಯಾಟ 118ಕ್ಕೆ ಬಂತು. ಸ್ಕೋರ್ 238 ಇದ್ದಾಗ ಸ್ಟಾರ್ಕ್ ರಹಾನೆಯನ್ನು ಎಲ್‌ಬಿಡಬ್ಲ್ಯು ಮಾಡಿದರು, ಅಂದರೆ ವಿಕೆಟ್‌ಗೆ ಹೋಗುತ್ತಿದ್ದ ಬಾಲ್ ಕಾಲಿಗೆ ತಗುಲಿ ಔಟ್. ಒಳಗೆ ಬಂದಿದ್ದು ಕರುಣ್ ನಾಯರ್. ನಮ್ಮ ಹುಡುಗ, ಹಿಂದಿನ ಡಿಸೆಂಬರ್‌ನಲ್ಲಷ್ಟೇ ಚೆನ್ನೈನಲ್ಲಿ 303 ಹೊಡೆದವರು. ಇಡೀ ಸ್ಟ್ಯಾಂಡ್ ಎದ್ದು ಚಪ್ಪಾಳೆ ಹೊಡೆಯಿತು. ಮೊದಲ ಬಾಲ್‌ಗೇ ಬೌಲ್ಡ್. ಎತ್ತಿದ ಕೈಗಳು ಹಾಗೇ ನಿಂತುಬಿಟ್ಟವು. ಅವರ ಹೆಸರಿನ ಮುಂದೆ ಸೊನ್ನೆ ಬರೆಯೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹೇಜಲ್‌ವುಡ್ ಪೂಜಾರರನ್ನೂ 92ಕ್ಕೆ ತೆಗೆದರು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಬೆಳಗಿನಿಂದ ನನ್ನ ಪುಸ್ತಕ ಇಣುಕಿ ನೋಡುತ್ತಿದ್ದರು. ‘ಲೀಡ್ ಎಷ್ಟಾಯ್ತು ನೋಡಮ್ಮ’ ಅಂತ ಪ್ರತಿ ಓವರ್‌ಗೂ ಕೇಳುತ್ತಿದ್ದರು. ಸ್ಕೋರ್‌ಬೋರ್ಡ್ ಎದುರಿಗೇ ಇತ್ತು, ಆದರೂ ನನ್ನ ಬಾಯಿಂದಲೇ ಕೇಳಬೇಕಿತ್ತು ಅವರಿಗೆ. ಒಂಬತ್ತು ವಿಕೆಟ್ ಬಿದ್ದಾಗ ಲೀಡ್ 171. ಕೊನೇ ವಿಕೆಟ್‌ಗೆ ಸಾಹಾ, ಇಶಾಂತ್ ಸೇರಿ 16 ರನ್ ತಂದರು. ಒಂದೊಂದು ಸಿಂಗಲ್‌ಗೂ ಬೌಂಡರಿ ಹೊಡೆದ ಹಾಗೆ ಕೂಗಿದೆವು. ಆಸ್ಟ್ರೇಲಿಯಾಗೆ 188 ಬೇಕು ಅಂತಾಯಿತು. ‘ಸಾಕಾಗುತ್ತಾ?’ ಅಂದರು. ‘ಸಾಕು ಸರ್’ ಅಂದೆ, ಧೈರ್ಯ ಇರಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತು. ವಾರ್ನರ್ 17ಕ್ಕೆ ಅಶ್ವಿನ್‌ಗೆ ಎಲ್‌ಬಿಡಬ್ಲ್ಯು. ಅವರ ನಾಯಕ ಸ್ಮಿತ್ 28ಕ್ಕೆ ಬಂದಿದ್ದಾಗ ಉಮೇಶ್ ಹಾಕಿದ ಬಾಲ್ ನೆಲಕ್ಕೆ ಅಂಟಿಕೊಂಡ ಹಾಗೆ ಬಂದು ಕಾಲಿಗೆ ಬಡಿಯಿತು. ನಮ್ಮ ಸೀಟಿಂದ ಅದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಅಂಪೈರ್ ಬೆರಳು ಎತ್ತೋ ಮುಂಚೆಯೇ ನಾನು ಬರೆದಾಗಿತ್ತು. ಸ್ಮಿತ್ ಡ್ರೆಸ್ಸಿಂಗ್ ರೂಮ್ ಕಡೆ ತಿರುಗಿದ್ದು, ಅಂಪೈರ್ ಮುಂದೆ ಬಂದಿದ್ದು, ಕೊಹ್ಲಿ ಓಡಿ ಬಂದಿದ್ದು ಕಾಣಿಸಿತು. ರಿವ್ಯೂ, ಅಂದರೆ ಟಿವಿ ನೋಡಿ ಮರುಪರಿಶೀಲನೆ, ತಗೊಳ್ಳಬೇಕಾ ಅಂತ ಸ್ಮಿತ್ ಒಳಗಿನವರನ್ನು, ಕೇಳಬಾರದಿದ್ದರೂ, ಕೇಳುತ್ತಿದ್ದರು ಅನ್ನೋದು ಗೊತ್ತಾಗಿದ್ದು ಸಂಜೆ. ಟಿವಿಯಲ್ಲಿ ವಾರಗಟ್ಟಲೆ ಅದೇ ಮಾತು ನಡೆಯಿತು. ನನಗೆ ಮಾತ್ರ ಅವತ್ತಿನ ಆಟ ಬೇರೆ ಕಡೆ ಇತ್ತು ಅನಿಸುತ್ತದೆ.

ಜಡೇಜಾ ಕಡೆ. ಅಶ್ವಿನ್ 41ಕ್ಕೆ 6 ವಿಕೆಟ್ ತೆಗೆದರು, ಅದ್ಭುತ, ಎರಡು ಮಾತಿಲ್ಲ. ಆದರೆ ನನ್ನ ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು, ಅದರಲ್ಲಿ ಬರೀ ಚುಕ್ಕೆಗಳು. ಎಂಟು ಓವರ್, ಐದು ಮೇಡನ್, 3 ರನ್, ಒಂದು ವಿಕೆಟ್. 188ರಂಥ ಚಿಕ್ಕ ಮೊತ್ತ ಕಾಯುವಾಗ ಒಂದು ಕಡೆಯಿಂದ ರನ್ ಸೋರಿದರೆ ಇನ್ನೊಂದು ಕಡೆ ವಿಕೆಟ್ ಬಿದ್ದರೂ ಉಪಯೋಗವಿಲ್ಲ. ಜಡೇಜಾ ಆ ಕಡೆಯನ್ನು ಬಾಗಿಲು ಹಾಕಿ ಚಿಲಕ ಹಾಕಿದ ಹಾಗೆ ಮುಚ್ಚಿಬಿಟ್ಟರು. ಬರೆಯದೇ ಸುಮ್ನೆ ನೋಡಿದ್ದರೆ ನನಗೂ ಅಶ್ವಿನ್ ಅಷ್ಟೇ ನೆನಪಿರುತ್ತಿದ್ದರು. ಚುಕ್ಕೆ ಇಟ್ಟು ಇಟ್ಟು ಕೈಗೆ ಗೊತ್ತಾಗುತ್ತದೆ, ಯಾರು ಯಾರನ್ನು ಕಟ್ಟಿಹಾಕುತ್ತಿದ್ದಾರೆ ಅಂತ. ಟೆಸ್ಟ್ ಬೋರ್ ಅನ್ನುವವರಿಗೆ ನಾನು ಹೇಳೋದು ಇಷ್ಟೇ, ಒಂದು ಸಲ ಒಂದು ಸೆಷನ್ ಬರೆದು ನೋಡಿ.

4 ವಿಕೆಟ್‌ಗೆ 101 ಇದ್ದ ಆಸ್ಟ್ರೇಲಿಯಾ 112ಕ್ಕೆ ಆಲೌಟ್. 11 ರನ್ ಒಳಗೆ ಆರು ವಿಕೆಟ್. ಸ್ಟಾರ್ಕ್ ಬೌಲ್ಡ್ ಆದಾಗಿನಿಂದ ಯಾರೂ ಕೂತಿರಲಿಲ್ಲ, ನಾನು ನಿಂತುಕೊಂಡೇ, ಪುಸ್ತಕವನ್ನು ಎದೆಗೆ ಒತ್ತಿ ಬರೆದೆ. ಲಯನ್ ಕೊಟ್ಟ ಕ್ಯಾಚನ್ನು ಅಶ್ವಿನ್ ತಾವೇ ಹಿಡಿದಾಗ ಪಕ್ಕದ ಹಿರಿಯರು ನನ್ನ ತಲೆ ಮೇಲೆ ಕೈಯಿಟ್ಟರು. ಅಳುತ್ತಿದ್ದರು. 75 ರನ್‌ಗಳ ಗೆಲುವು. ಎರಡು ಇನ್ನಿಂಗ್ಸ್‌ನಲ್ಲಿ 90, 51 ಹೊಡೆದ ನಮ್ಮ ರಾಹುಲ್‌ಗೆ ಪಂದ್ಯಶ್ರೇಷ್ಠ.

ರಾತ್ರಿ ಊಟ ಆದಮೇಲೆ ಅಪ್ಪನ ಎದುರು ಕೂತು ಲೆಕ್ಕ ಕೂಡಿಸಿದೆ. ಆಸ್ಟ್ರೇಲಿಯಾ ಬ್ಯಾಟ್ಸ್‌ಮನ್‌ಗಳದ್ದು 101, ಬ್ಯಾಟಿಂದ ಬರದ ಎಕ್ಸ್‌ಟ್ರಾ 11, ಒಟ್ಟು 112. ತಾಳೆಯಾಯಿತು. ಅಪ್ಪ ಸ್ಮಿತ್ ವಿಷಯ ಎತ್ತಲೇ ಇಲ್ಲ. ಕನ್ನಡಕ ಹಾಕಿಕೊಂಡು ಜಡೇಜಾ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಮೇಡನ್ ಎಣಿಸಿದರು. ಐದು ಆದಮೇಲೆ ಮತ್ತೆ ಮೊದಲಿಂದ ಎಣಿಸಿದರು.