ಪಿಎಫ್‌ಎನ್ ಸಿಕ್ಕಿತೆಂದು ಲಾಕ್ ಬಿಡಬೇಡಿ

ತುಮಕೂರಿನಲ್ಲಿ ನಾವು ನೋಡಿಕೊಳ್ಳುವ ಲಿನಕ್ಸ್ ಡ್ರೈವರ್ ಒಂದನ್ನು 6.12 ಕರ್ನಲ್‌ಗೆ ತರುವಾಗ ಕಂಪೈಲ್ ನಿಂತಿತು. ಪ್ರೋಗ್ರಾಂನ ವಿಳಾಸದಿಂದ ಪಿಎಫ್‌ಎನ್ (ಭೌತಿಕ ಮೆಮೊರಿಯ ಪುಟದ ಸಂಖ್ಯೆ) ಹುಡುಕಲು ನಾವು ಬಳಸುತ್ತಿದ್ದ ಫಾಲೋ_ಪಿಟಿಇ ಫಂಕ್ಷನ್ ತೆಗೆದುಹಾಕಿದ್ದರು. ಅದರ ಜಾಗಕ್ಕೆ ಬಂದಿರುವುದು ಫಾಲೋ_ಪಿಎಫ್‌ಎನ್‌ಮ್ಯಾಪ್_ಸ್ಟಾರ್ಟ್ ಮತ್ತು _ಎಂಡ್ ಜೋಡಿ. ಹೆಸರು, ಆರ್ಗ್ಯುಮೆಂಟ್ ಎರಡನ್ನೂ ಬದಲಿಸಿದರೆ ಕಂಪೈಲ್ ಆಗುತ್ತದೆ, ತಪ್ಪು ಮಾತ್ರ ಹಾಗೇ ಉಳಿಯುತ್ತದೆ.

ಹಳೇ ಕೋಡ್ ಪಿಎಫ್‌ಎನ್ ಓದಿದ ಕೂಡಲೇ ಪೇಜ್ ಟೇಬಲ್ ಲಾಕ್ (ವಿಳಾಸಕ್ಕೂ ಪುಟಕ್ಕೂ ಇರುವ ಜೋಡಣೆ ಬದಲಾಗದಂತೆ ಕಾಯುವ ಬೀಗ) ಬಿಟ್ಟು, ಆಮೇಲೆ ಆ ಪುಟವನ್ನು ಬಳಸುತ್ತಿತ್ತು. ಹೋದ ತಿಂಗಳು ತೆಗೆಸಿದ ಪಹಣಿ ನಂಬಿ ಇವತ್ತು ಜಮೀನಿಗೆ ಹಣ ಕೊಟ್ಟ ಹಾಗೆ. ಅಷ್ಟರಲ್ಲಿ ಖಾತೆ ಬೇರೆಯವರ ಹೆಸರಿಗೆ ಹೋಗಿರಬಹುದು.

ಈಗಿನ ಕ್ರಮ ಹೀಗಿದೆ. ಎಂಮ್ಯಾಪ್ ರೀಡ್ ಲಾಕ್ (ಪ್ರೋಗ್ರಾಂನ ಇಡೀ ವಿಳಾಸ ನಕ್ಷೆಯನ್ನು ಓದಲು ಹಿಡಿಯುವ ಬೀಗ) ಹಿಡಿದು, ವಿಎಂಎ (ಆ ವಿಳಾಸ ಸೇರಿರುವ ಮೆಮೊರಿ ಪ್ರದೇಶದ ದಾಖಲೆ) ಹುಡುಕಿ, ಅದನ್ನೂ ವಿಳಾಸವನ್ನೂ ಆರ್ಗ್ಸ್ ಎಂಬ ಸ್ಟ್ರಕ್ಟ್‌ನಲ್ಲಿ ತುಂಬಿ ಸ್ಟಾರ್ಟ್ ಕರೆಯುತ್ತೇವೆ. ಸೊನ್ನೆ ಬಂದರೆ ಮಾತ್ರ ಮುಂದಿನ ಕೆಲಸ. ಸ್ಟಾರ್ಟ್ ಸೋತಿದ್ದರೆ ಎಂಡ್ ಕರೆಯಲೇಬಾರದು. ಪುಟಕ್ಕೆ ಬರೆಯುವುದಿದ್ದರೆ ಆರ್ಗ್ಸ್‌ನ ರೈಟಬಲ್ ನೋಡಬೇಕು. ಹ್ಯೂಜ್ ಮ್ಯಾಪಿಂಗ್ (ದೊಡ್ಡ ಪುಟದ ಜೋಡಣೆ) ಇದ್ದರೂ ಆ ವಿಳಾಸಕ್ಕೆ ಸರಿಯಾದ ಪಿಎಫ್‌ಎನ್ಅನ್ನೇ ಅದು ಕೊಡುತ್ತದೆ, ನಾವು ಆಫ್‌ಸೆಟ್ ಕೂಡಿಸಬಾರದು.

ಸ್ಟಾರ್ಟ್ ಸೋತಾಗ, ಪುಟವನ್ನು ಜೋಡಿಸಿಕೊಡುವ ಫಿಕ್ಸಪ್_ಯೂಸರ್_ಫಾಲ್ಟ್ ಕರೆದು ಮತ್ತೆ ಪ್ರಯತ್ನಿಸಬಹುದು. ಅದು ಅನ್‌ಲಾಕ್ಡ್ (ನಡುವೆ ಎಂಮ್ಯಾಪ್ ಲಾಕ್ ಬಿಟ್ಟಿತ್ತು) ಎಂದು ತಿಳಿಸಿದರೆ ಕೈಯಲ್ಲಿರುವ ವಿಎಂಎ ಹಳತಾಯಿತು, ಹೊಸದಾಗಿ ಹುಡುಕಲೇಬೇಕು.

ಸ್ಟಾರ್ಟ್‌ನಿಂದ ಎಂಡ್‌ವರೆಗೆ ಆ ಪೇಜ್ ಟೇಬಲ್ ಲಾಕ್ ಕೈಯಲ್ಲಿರುತ್ತದೆ; ಅದು ಸ್ಪಿನ್‌ಲಾಕ್, ಹಿಡಿದಿರುವಾಗ ನಿದ್ದೆಗೆ ಹೋಗುವಂತಿಲ್ಲ. ಆ ನಡುವೆ ಮ್ಯೂಟೆಕ್ಸ್ ಇಲ್ಲ, ಜಿಎಫ್‌ಪಿ_ಕರ್ನಲ್ ಹಂಚಿಕೆ ಇಲ್ಲ, ಕಾಪಿ_ಟು_ಯೂಸರ್ ಇಲ್ಲ. ಭೌತಿಕ ವಿಳಾಸವನ್ನು ಕರ್ನಲ್ ಬಳಸಬಲ್ಲ ವಿಳಾಸಕ್ಕೆ ಜೋಡಿಸುವ ಐಓರೀಮ್ಯಾಪ್ ಕೂಡ ನಿದ್ದೆಗೆ ಹೋಗಬಹುದಾದ್ದರಿಂದ ಎರಡು ಸುತ್ತು ಬೇಕು: ಮೊದಲ ಸುತ್ತಿನಲ್ಲಿ ಪಿಎಫ್‌ಎನ್, ಪಿಜಿಪ್ರಾಟ್ (ಪುಟದ ರಕ್ಷಣೆಯ ಬಿಟ್‌ಗಳು), ರೈಟಬಲ್ ಬರೆದಿಟ್ಟುಕೊಂಡು ಎಂಡ್, ಹೊರಗೆ ಐಓರೀಮ್ಯಾಪ್, ಮತ್ತೆ ಸ್ಟಾರ್ಟ್. ಮೂರೂ ಮೊದಲಿನಂತೆಯೇ ಇದ್ದರೆ ನಕಲು ಮಾಡಿ ಎಂಡ್, ಆಮೇಲೆ ಐಓಅನ್‌ಮ್ಯಾಪ್. ಒಂದು ಬದಲಾಗಿದ್ದರೂ ಎಂಡ್, ಐಓಅನ್‌ಮ್ಯಾಪ್, ಮೊದಲಿಂದ ಶುರು. ಕರ್ನಲ್‌ನ ಜೆನೆರಿಕ್_ಆಕ್ಸೆಸ್_ಫಿಸ್ ಇದನ್ನೇ ಮಾಡುತ್ತದೆ. ಕೋಡ್ ಬರೆಯುವ ಮೊದಲು ಅದನ್ನು ಓದಿ.

ಪರೀಕ್ಷೆಗೆ 4 ಸಿಪಿಯುಗಳ ಕ್ಯೂಎಮು ವರ್ಚುವಲ್ ಯಂತ್ರ ಸಾಕು. ಡೀಬಗ್_ಅಟಾಮಿಕ್_ಸ್ಲೀಪ್, ಪ್ರೂವ್_ಲಾಕಿಂಗ್ ಎಂಬ ಕರ್ನಲ್ ಆಯ್ಕೆ ಎರಡನ್ನೂ ಆನ್ ಮಾಡಿ. ಒಂದು ಥ್ರೆಡ್ ಐಆಕ್ಟಲ್ ಮೂಲಕ ಡ್ರೈವರ್‌ನ ಈ ಕೋಡ್ ಕರೆಯುತ್ತಲೇ ಇರಲಿ, ಇನ್ನೊಂದು ಮನ್‌ಮ್ಯಾಪ್ ಮಾಡಿ ಜೋಡಣೆ ಬಿಡಿಸುತ್ತಿರಲಿ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಮನ್‌ಮ್ಯಾಪ್‌ಗೆ ಎಂಮ್ಯಾಪ್ ರೈಟ್ ಲಾಕ್ ಬೇಕು, ನಮ್ಮ ರೀಡ್ ಲಾಕೇ ಅದನ್ನು ತಡೆದುಬಿಡುತ್ತದೆ. ಎಂಡ್ ತಪ್ಪು ಜಾಗದಲ್ಲಿದ್ದರೂ ಪರೀಕ್ಷೆ ಪಾಸಾಗುತ್ತದೆ. ಆದರೆ ಜೋಡಣೆಯನ್ನು ಕರ್ನಲ್ ಒಳಗಿಂದಲೇ ಬಿಡಿಸುವ ಅನ್‌ಮ್ಯಾಪ್_ಮ್ಯಾಪಿಂಗ್_ರೇಂಜ್ ಎಂಮ್ಯಾಪ್ ಲಾಕ್ ಕೇಳುವುದೇ ಇಲ್ಲ. ಡ್ರೈವರ್ ಒಳಗಿಂದ ಅದನ್ನು ಕರೆಯುವ ಮೂರನೇ ಥ್ರೆಡ್ ಸೇರಿಸಿ, ಹಳೇ ಕೋಡ್‌ನಲ್ಲಿ ನಕಲಿಗೆ ಮೊದಲು ಒಂದು ಯುಡಿಲೇ (ಕ್ಷಣ ಕಾಯಿಸುವ ಕರೆ) ಇಡಿ. ಆಗ ತಪ್ಪು ಕಣ್ಣಿಗೆ ಬೀಳುತ್ತದೆ.