ರೈಲು ಇಳಿದ ಮೇಲೆ ಬಸ್ಸು ಸಿಗುತ್ತದೆಯೇ? ಹೊಸದಾಗಿ ಬಂದವರಿಗೆ

ಹೊರದೇಶಕ್ಕೆ ಬಂದ ಮೊದಲ ತಿಂಗಳಲ್ಲಿ ನಮ್ಮವರು ಬಹುತೇಕ ಎಲ್ಲರೂ ಮಾಡುವ ತಪ್ಪು ಒಂದೇ. ಎಲ್ಲಿಂದ ಎಲ್ಲಿಗೆ ಎಂದು ಫೋನಿನಲ್ಲಿ ಒತ್ತುತ್ತೇವೆ. ರೈಲು 8:52ಕ್ಕೆ ಬರುತ್ತದೆ, ಬಸ್ಸು 8:57ಕ್ಕೆ ಹೊರಡುತ್ತದೆ ಎಂದು ಆ್ಯಪ್ ತೋರಿಸುತ್ತದೆ. ಐದು ನಿಮಿಷ ಇದೆಯಲ್ಲ ಎಂದು ಅದನ್ನೇ ನಂಬಿ ಬಾಡಿಗೆ ಮನೆ ಹಿಡಿಯುತ್ತೇವೆ, ಮಕ್ಕಳ ಶಾಲೆ ಗೊತ್ತುಮಾಡುತ್ತೇವೆ. ಆ ಐದು ನಿಮಿಷಕ್ಕೆ ಯಾರೂ ಮಾತು ಕೊಟ್ಟಿರುವುದಿಲ್ಲ. ರೈಲಿನವರು ಒಂದು ವೇಳಾಪಟ್ಟಿ ಮಾಡಿದ್ದಾರೆ, ಬಸ್ಸಿನವರು ಇನ್ನೊಂದು ಮಾಡಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿಸಿದ್ದು ಆ್ಯಪ್ ಮಾತ್ರ.

ಹಾಗಾಗಿ ನಡುವೆ ಎಷ್ಟು ನಿಮಿಷ ಇದೆ ಎಂದು ನೋಡುವ ಮೊದಲು, ಇದು ತಪ್ಪಿದರೆ ಮುಂದಿನದು ಯಾವಾಗ ಎಂದು ನೋಡಿ. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ ಬದಲಾವಣೆಗೆ, ಅಂದರೆ ಒಂದರಿಂದ ಇಳಿದು ಇನ್ನೊಂದನ್ನು ಹಿಡಿಯುವುದಕ್ಕೆ, ಮೂರು ನಿಮಿಷವಿದ್ದರೂ ನಡೆಯುತ್ತದೆ. ಗಂಟೆಗೊಂದೇ ಬಸ್ಸಾದರೆ ಹದಿನೈದು ನಿಮಿಷವಾದರೂ ಕೈಯಲ್ಲಿರಲಿ. ಅದು ದಿನದ ಕಡೇ ಬಸ್ಸಾದರೆ ಅದಕ್ಕಿಂತ ಒಂದು ರೈಲು ಮುಂಚೆಯೇ ಹೊರಡಿ, ಇದರಲ್ಲಿ ರಾಜಿ ಬೇಡ. ಒಂದು ಹೋದರೆ ಹಿಂದೆಯೇ ಇನ್ನೊಂದು ಬರುತ್ತದೆ ಎಂಬ ನಂಬಿಕೆಯಲ್ಲಿ ಬೆಳೆದವರು ನಾವು; ಊರ ಹೊರಗಿನ ನಿಲ್ದಾಣದಲ್ಲಿ ರಾತ್ರಿ ಹತ್ತೂವರೆಗೆ ಆ ನಂಬಿಕೆ ಉಪಯೋಗಕ್ಕೆ ಬರುವುದಿಲ್ಲ.

ಮನೆ ನೋಡುವಾಗ ಇನ್ನೊಂದು ಲೆಕ್ಕ ಹಾಕಿ. ಬದಲಾವಣೆ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಸಿಗುತ್ತದೆ ಎಂದುಕೊಳ್ಳಿ, ಕೇಳಲು ಚೆನ್ನಾಗಿದೆ. ತಿಂಗಳಿಗೆ 20 ಕೆಲಸದ ದಿನ, ಹೋಗಿಬರುವುದು ಸೇರಿ 40 ಸಲ, ಅಂದರೆ ನಾಲ್ಕು ಸಲ ತಪ್ಪುತ್ತದೆ. ದಾರಿಯಲ್ಲಿ ಎರಡು ಕಡೆ ಬದಲಿಸಬೇಕಾದರೆ ಎರಡೂ ಸಿಗುವುದು ನೂರಕ್ಕೆ 81 ಸಲ ಮಾತ್ರ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಒಂದೇ ಬದಲಾವಣೆ ಇರುವ ಮನೆ ಮೇಲು ಎನ್ನುವುದು ಇದಕ್ಕೇ.

‘ಸಮಯಕ್ಕೆ ಸರಿಯಾಗಿ’ ಎನ್ನುವುದರ ಅರ್ಥವೂ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯ ಡಾಯ್ಚ ಬಾನ್ ರೈಲು ಸಂಸ್ಥೆಯ ಲೆಕ್ಕದಲ್ಲಿ ಆರು ನಿಮಿಷಕ್ಕಿಂತ ಕಡಿಮೆ ತಡವಾದ ರೈಲು ತಡವಾದದ್ದೇ ಅಲ್ಲ, ರದ್ದಾದ ರೈಲು ಆ ಲೆಕ್ಕಕ್ಕೇ ಬರುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಮೂರು ನಿಮಿಷವೇ ಗಡಿ. ಹಾಗಾಗಿ ಜರ್ಮನಿಯಲ್ಲಿ ‘ಸರಿಯಾದ ಸಮಯಕ್ಕೆ’ ಬಂದ ರೈಲಿನಿಂದ ಇಳಿದೂ ನಾಲ್ಕು ನಿಮಿಷದ ಬದಲಾವಣೆ ಕೈತಪ್ಪಬಹುದು. ಬ್ರಿಟನ್ನಿನಲ್ಲಿ ಇನ್ನೊಂದು ವಿಷಯ: ಬೋರ್ಡಿನ ಮೇಲಿರುವುದು ರೈಲು ಹೊರಡುವ ಸಮಯ, ಬಾಗಿಲು ಅದಕ್ಕಿಂತ ಮೊದಲೇ ಮುಚ್ಚುತ್ತದೆ, ಕೆಲವು ನಿಲ್ದಾಣಗಳಲ್ಲಿ ಎರಡು ನಿಮಿಷ ಮೊದಲು.

ಈಗ ಪರದೆಯ ಮೇಲಿನ ಅಂಕಿಯ ವಿಷಯ. ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕಷ್ಟ ಕಳೆದಂತೆ.

2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಟ್ರೈಮೆಟ್ ಸಾರಿಗೆ ಸಂಸ್ಥೆಯೂ ಗೂಗಲ್ಲೂ ಸೇರಿ ವೇಳಾಪಟ್ಟಿಯನ್ನು ಕಂಪ್ಯೂಟರ್ ಓದುವ ಒಂದು ನಮೂನೆಗೆ ತಂದರು. ಅದೇ ಜಿಟಿಎಫ್‌ಎಸ್. 2011ರಲ್ಲಿ ಅದರ ಲೈವ್ ರೂಪ ಬಂತು. ಲೈವ್‌ನಲ್ಲಿ ಮೂರು ಬೇರೆ ಬೇರೆ ಸುದ್ದಿಗಳು ಹರಿಯುತ್ತವೆ: ಯಾವ ಟ್ರಿಪ್ ಎಷ್ಟು ತಡ, ಗಾಡಿ ಈಗ ಎಲ್ಲಿದೆ, ಮಾರ್ಗದಲ್ಲಿ ಏನು ತೊಂದರೆ. ಪ್ರತಿ 30 ಸೆಕೆಂಡಿಗೊಮ್ಮೆ ಹೊಸದಾಗಬೇಕು, ಮೊದಲೆರಡು ಸುದ್ದಿ 90 ಸೆಕೆಂಡಿಗಿಂತ ಹಳೆಯದಾಗಿರಬಾರದು ಎನ್ನುವುದು ಆ ನಮೂನೆಯ ಶಿಫಾರಸು. ಎಲ್ಲರೂ ಅದನ್ನು ಪಾಲಿಸುವುದಿಲ್ಲ. ಮೂರರಲ್ಲಿ ಒಂದೆರಡು ಸುದ್ದಿಯನ್ನಷ್ಟೇ ಕೊಡುವ ಸಂಸ್ಥೆಗಳೂ ಇವೆ.

ಲೈವ್ ಸುದ್ದಿ ಬಾರದಿದ್ದಾಗ ಆ್ಯಪ್ ಸುಮ್ಮನಿರುವುದಿಲ್ಲ, ವೇಳಾಪಟ್ಟಿಯ ಸಮಯವನ್ನೇ ಆ ಜಾಗದಲ್ಲಿ ತೋರಿಸುತ್ತದೆ. ಡ್ರೈವರ್ ರಜೆ ಹಾಕಿ ಟ್ರಿಪ್ ರದ್ದಾಗಿದೆ, ಆದರೆ ರದ್ದು ಎಂದು ಯಾರೂ ಕಂಪ್ಯೂಟರಿಗೆ ಹೇಳಿಲ್ಲ ಎಂದರೆ ‘4 ನಿಮಿಷ, 2 ನಿಮಿಷ, ಈಗ’ ಎಂದು ತೋರಿಸಿ ಆ ಸಾಲೇ ಮಾಯವಾಗುತ್ತದೆ. ಬಸ್ಸು ಬಂದಿರುವುದಿಲ್ಲ. ಇಂಥದಕ್ಕೆ ಭೂತದ ಬಸ್ಸು ಎಂದೇ ಹೆಸರು ಬಿದ್ದಿದೆ. ಲೈವ್ ಅಂಕಿಗೆ ಬಣ್ಣವೋ ಸಣ್ಣ ಅಲೆಯ ಗುರುತೋ ಇರುತ್ತದೆ, ವೇಳಾಪಟ್ಟಿಯ ಅಂಕಿ ಬರಿಯ ಅಂಕಿ. ನಿಮ್ಮ ಆ್ಯಪಿನಲ್ಲಿ ಆ ಗುರುತು ಯಾವುದು ಎಂದು ಮೊದಲ ದಿನವೇ ಕಂಡುಕೊಳ್ಳಿ.

ಅನುಮಾನ ಬಂದರೆ ಹೀಗೆ ಪರೀಕ್ಷಿಸಿ. ಬಸ್ಸಿನ ಸಾಲನ್ನು ಒತ್ತಿ, ಹಿಂದಿನ ಸ್ಟಾಪುಗಳನ್ನು ತೆರೆಯಿರಿ. ಅಲ್ಲಿ ಒಂದರಲ್ಲಿ ಎರಡು ನಿಮಿಷ, ಇನ್ನೊಂದರಲ್ಲಿ ಮೂರು ನಿಮಿಷ ಎಂದು ತಡ ಬೇರೆ ಬೇರೆ ಇದ್ದರೆ ಗಾಡಿ ನಿಜವಾಗಿ ಓಡುತ್ತಿದೆ. ಎಲ್ಲ ಸ್ಟಾಪಿನಲ್ಲೂ ವೇಳಾಪಟ್ಟಿಯದೇ ಅಂಕಿ ಇದ್ದರೆ ನಂಬಬೇಡಿ. ನಿಮ್ಮ ಸ್ಟಾಪು ಮಾರ್ಗದ ಆರಂಭಕ್ಕೆ ಹತ್ತಿರವಿದ್ದರೆ ಎದುರು ದಿಕ್ಕಿನಿಂದ ಬರುವ ಗಾಡಿಯನ್ನೂ ನೋಡಿ. ಎಷ್ಟೋ ಕಡೆ ಅದೇ ಬಸ್ಸು ತುದಿಗೆ ಹೋಗಿ ತಿರುಗಿ ಬರುತ್ತದೆ. ಅದು 12 ನಿಮಿಷ ತಡವಾಗಿದ್ದು ತುದಿಯಲ್ಲಿ ನಿಲ್ಲುವ ಬಿಡುವು 5 ನಿಮಿಷವಾದರೆ, ಆ್ಯಪ್ ‘ಸಮಯಕ್ಕೆ ಸರಿ’ ಎಂದರೂ ನಿಮ್ಮ ಬಸ್ಸು 7 ನಿಮಿಷವಾದರೂ ತಡವಾಗಿಯೇ ಹೊರಡುತ್ತದೆ.

ತಡ ತೋರಿಸುತ್ತಿದೆ ಎಂದು ಮನೆಯಿಂದ ತಡವಾಗಿ ಹೊರಡುವುದು ಇನ್ನೊಂದು ದೊಡ್ಡ ತಪ್ಪು. ಈಗ ಆರು ನಿಮಿಷ ತಡವಿದ್ದರೆ ಮುಂದೆಯೂ ಆರೇ ಇರುತ್ತದೆ ಎಂದುಕೊಂಡು ಲೆಕ್ಕ ಹಾಕುವ ವ್ಯವಸ್ಥೆಗಳೂ ಇವೆ. ಆದರೆ ವೇಳಾಪಟ್ಟಿಯಲ್ಲಿ ಅಲ್ಲಲ್ಲಿ ಬಿಡುವಿನ ನಿಮಿಷ ಇಟ್ಟಿರುತ್ತಾರೆ, ಡ್ರೈವರ್ ಅದನ್ನು ಬಳಸಿಕೊಂಡು ತಡವನ್ನು ನುಂಗಿಬಿಡುತ್ತಾನೆ. ವೇಳಾಪಟ್ಟಿಯ ಹೊತ್ತಿಗೇ ಸ್ಟಾಪಿನಲ್ಲಿರಿ. ಬ್ರಿಟನ್ನಿನಲ್ಲಾದರೆ ಕೈ ಚಾಚಿ ತೋರಿಸಿ, ಇಲ್ಲವಾದರೆ ಬಸ್ಸು ಮುಂದೆ ಹೋಗಬಹುದು.

ಹತ್ತು ನಿಮಿಷಕ್ಕೊಂದು ಬಸ್ಸು ಎಂದರೆ ಸರಾಸರಿ ಐದು ನಿಮಿಷ ಕಾಯುವುದು ಎಂದೂ ತಿಳಿಯಬೇಡಿ. ಎರಡು ಬಸ್ಸು ಒಟ್ಟಿಗೆ ಬಂದು, ಆಮೇಲೆ 18 ನಿಮಿಷ ಖಾಲಿ, ಮತ್ತೆ 2 ನಿಮಿಷದಲ್ಲಿ ಇನ್ನೊಂದು, ಹೀಗೆ ನಡೆದರೆ ಸರಾಸರಿ ಕಾಯುವಿಕೆ ಎಂಟು ನಿಮಿಷ ದಾಟುತ್ತದೆ. ಮುಂದೆ ಓಡುತ್ತಿರುವ ಬಸ್ಸು ತಡವಾದಷ್ಟೂ ಸ್ಟಾಪಿನಲ್ಲಿ ಜನ ಹೆಚ್ಚಾಗುತ್ತಾರೆ, ಅವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಅದು ಇನ್ನೂ ತಡವಾಗುತ್ತದೆ, ಅದರ ಹಿಂದೆ ಬರುವ ಬಸ್ಸು ಖಾಲಿಯಾಗಿ ಬಂದು ಅದರ ಬೆನ್ನಿಗೆ ಅಂಟಿಕೊಳ್ಳುತ್ತದೆ.

ಬಸ್ಸು ರೈಲಿಗಾಗಿ ಕಾಯಬಾರದೇ? ಕಾಯುವ ಕಡೆಯೂ ಇದೆ. ಸ್ವಿಟ್ಜರ್ಲೆಂಡಿನಲ್ಲಿ ಬಾನ್ 2000 ಎಂಬ ರೈಲು ಯೋಜನೆಗೆ 1987ರಲ್ಲಿ ಜನ ಮತ ಹಾಕಿ ಒಪ್ಪಿಗೆ ಕೊಟ್ಟರು, 2004ರ ಡಿಸೆಂಬರಿನಲ್ಲಿ ಅದರ ಮೊದಲ ಹಂತ ಓಟಕ್ಕೆ ಬಂತು. ಅಲ್ಲಿನ ಮುಖ್ಯ ನಿಲ್ದಾಣಗಳಲ್ಲಿ ಎಲ್ಲ ದಿಕ್ಕಿನ ರೈಲುಗಳು ಗಂಟೆ ಹೊಡೆಯುವ ಅಥವಾ ಅರ್ಧ ಗಂಟೆಯ ಸ್ವಲ್ಪ ಮೊದಲು ಬಂದು ಸೇರಿ, ಸ್ವಲ್ಪ ಹೊತ್ತಿಗೆ ಚದುರುತ್ತವೆ. ಹೊರಗಿನ ಬಸ್ಸುಗಳ ವೇಳೆಯನ್ನೂ ಅದಕ್ಕೆ ಹೊಂದಿಸಿದ್ದಾರೆ. ಬರ್ನ್ ಮತ್ತು ಜ್ಯೂರಿಕ್ ನಡುವಿನ ಓಟ ಒಂದು ಗಂಟೆಯೊಳಗೆ ಇಳಿಯಲೇಬೇಕೆಂದು ಹೊಸ ಹಳಿ ಹಾಕಿದ್ದು ಬದಲಾವಣೆ ಕೂಡಿಬರಲೆಂದೇ, ಬರಿಯ ವೇಗಕ್ಕಲ್ಲ. ಬೇರೆ ಎಷ್ಟೋ ಕಡೆ ರೈಲು ಒಂದು ಕಂಪನಿ, ಬಸ್ಸು ಇನ್ನೊಂದು. ಒಬ್ಬರ ಕಂಟ್ರೋಲ್ ರೂಮು ಇನ್ನೊಬ್ಬರಿಗೆ ಕಾಣುವುದಿಲ್ಲ. ಡ್ರೈವರ್ ಕಾದರೆ ಮುಂದಿನ ನಿಲ್ದಾಣದಲ್ಲಿ ಇನ್ನೊಂದು ರೈಲು ಹಿಡಿಯಬೇಕಾದವರಿಗೆ ತಪ್ಪುತ್ತದೆ. ಅವನು ಮುಖ ನೋಡಿಯೂ ಹೊರಟನೆಂದು ಸಂಕಟಪಡಬೇಡಿ, ಆ ಹೊತ್ತು ಅವನ ಕೈಯಲ್ಲಿಲ್ಲ. ರೈಲು ತಡವಾಗುತ್ತಿದೆ ಎಂದು ಗೊತ್ತಾದ ಕೂಡಲೇ ಒಳಗಿರುವ ಸಿಬ್ಬಂದಿಗೆ ಯಾವ ಬದಲಾವಣೆ, ಎಷ್ಟು ಜನ ಎಂದು ಹೇಳಿ. ಅವರು ಮುಂದಕ್ಕೆ ತಿಳಿಸಬಲ್ಲರು. ಇಳಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ವೇಳಾಪಟ್ಟಿಯ ಕೆಳಗಿನ ಸಣ್ಣಕ್ಷರವನ್ನು ಓದಿ. ‘ಶಾಲೆ ಇರುವ ದಿನ ಮಾತ್ರ’ ಎಂಬ ಗುರುತಿನ ಬಸ್ಸುಗಳು ಬೇಸಿಗೆ ರಜೆಯಲ್ಲಿ ಇರುವುದೇ ಇಲ್ಲ. ಸಾರ್ವಜನಿಕ ರಜೆಯಂದು ಸಾಮಾನ್ಯವಾಗಿ ಭಾನುವಾರದ ಪಟ್ಟಿ. ಫೋನಿನ ಚಿತ್ರವಿದ್ದರೆ ಅದು ಕರೆದರೆ ಮಾತ್ರ ಬರುವ ಬಸ್ಸು. ಮುಂಚಿತವಾಗಿ ಹೇಳದಿದ್ದರೆ ಬರುವುದಿಲ್ಲ. ಮಧ್ಯರಾತ್ರಿ ದಾಟಿದ 00:40ರ ಬಸ್ಸು ಹಿಂದಿನ ದಿನದ ಲೆಕ್ಕಕ್ಕೆ ಸೇರಿರಬಹುದು, ಕಂಪ್ಯೂಟರಿನ ಪಟ್ಟಿಯಲ್ಲಿ ಅದು 24:40 ಎಂದೇ ಇರುತ್ತದೆ. ‘ಶುಕ್ರವಾರ ರಾತ್ರಿಯ ಬಸ್ಸು’ ಓಡುವುದು ಶನಿವಾರದ ತಾರೀಖಿನಲ್ಲಿ. ಹಳಿ ರಿಪೇರಿಯ ದಿನ ಓಡುವ ಬದಲಿ ಬಸ್ಸು ಮಾಮೂಲಿ ಸ್ಟಾಪಿನಲ್ಲಿ ನಿಲ್ಲದೇ ಇರಬಹುದು.

ಟಿಕೆಟ್ ಆದಷ್ಟೂ ಕೊನೆಯ ತನಕ ಒಂದೇ ಇರಲಿ. ಐರೋಪ್ಯ ಒಕ್ಕೂಟದಲ್ಲಿ 2023ರ ಜೂನ್ 7ರಿಂದ ಜಾರಿಯಲ್ಲಿರುವ ನಿಯಮದಂತೆ ರೈಲು 60 ನಿಮಿಷ ತಡವಾದರೆ ದರದ ಕಾಲು ಭಾಗ, 120 ಅಥವಾ ಹೆಚ್ಚಾದರೆ ಅರ್ಧ ಪರಿಹಾರವಾಗಿ ಸಿಗುತ್ತದೆ; ಕೆಲವು ಕಾರಣಗಳಿಗೆ ವಿನಾಯಿತಿ ಇದೆ. ಅದಕ್ಕೆ ಅರ್ಜಿ ಹಾಕಬೇಕು.

ವಯಸ್ಸಾದ ಅಪ್ಪ ಅಮ್ಮ ಬಂದಾಗ ಆ್ಯಪಿನಲ್ಲಿ ನಡಿಗೆಯ ವೇಗವನ್ನು ‘ನಿಧಾನ’ಕ್ಕೆ ಇಡಿ, ಲಿಫ್ಟ್ ಕೆಲಸ ಮಾಡುತ್ತಿದೆಯೇ ನೋಡಿ. ಆ್ಯಪ್ ಕೊಡುವ ನಾಲ್ಕು ನಿಮಿಷ ಗಟ್ಟಿ ಕಾಲಿನವರದು.

ಪರದೆಯನ್ನು ನಾವು ಇಷ್ಟು ಆತುಕೊಳ್ಳುವುದಕ್ಕೆ ಕಾರಣ ಭಾಷೆ. ಪಕ್ಕದಲ್ಲಿ ನಿಂತವರನ್ನು ‘ಬಸ್ಸು ಹೋಯಿತೇ’ ಎಂದು ಕೇಳುವಷ್ಟು ಮಾತು ಇಲ್ಲಿ ಬಾಯಿಗೆ ಬರುವುದಿಲ್ಲ, ಕಳೆದುಕೊಂಡದ್ದರಲ್ಲಿ ಇದೂ ಒಂದು. ಆದರೆ ಪ್ಲಾಟ್‌ಫಾರ್ಮ್ ಬದಲಾದ ಸುದ್ದಿ ಎಷ್ಟೋ ಸಲ ಮೈಕಿನಲ್ಲಿ ಮೊದಲು ಬರುತ್ತದೆ, ಆ ಊರಿನ ಭಾಷೆಯಲ್ಲೇ ಬರುತ್ತದೆ. ತಡ, ರದ್ದು, ಪ್ಲಾಟ್‌ಫಾರ್ಮ್ ಬದಲು, ಬದಲಿ ಬಸ್ಸು, ಈ ರೈಲು ಇಲ್ಲಿಗೇ ಕೊನೆ, ಮುಂದಿನ ಎರಡು ಡಬ್ಬಿ ಮಾತ್ರ ಹೋಗುತ್ತವೆ: ಇಷ್ಟನ್ನು ಮೊದಲ ವಾರವೇ ಕಲಿಯಿರಿ. ಮಕ್ಕಳು ಆರು ತಿಂಗಳಲ್ಲಿ ಕಲಿತು ನಮಗೇ ಹೇಳಿಕೊಡುತ್ತಾರೆ. ಹಾಗೆಂದು ಎಂಟು ವರ್ಷದ ಮಗುವನ್ನು ಮನೆಯ ದುಭಾಷಿ ಮಾಡಬೇಡಿ, ತಪ್ಪಿದ ರೈಲಿನ ಹೊರೆ ಅದರ ಮೇಲೆ ಬೀಳುತ್ತದೆ.

ಮಗು ಒಂಟಿಯಾಗಿ ಓಡಾಡುವ ವಯಸ್ಸಿಗೆ ಬಂದಾಗ ಚೀಲದಲ್ಲಿ ಒಂದು ಕಾಗದ ಇಡಿ, ಅಪ್ಪ ಅಮ್ಮನ ಜೇಬಿಗೂ ಅಂಥದೇ ಒಂದು. ಸ್ಟಾಪಿನ ಹೆಸರು ಆ ಊರಿನ ಲಿಪಿಯಲ್ಲೂ ಕನ್ನಡದಲ್ಲೂ, ನಿಲ್ಲಬೇಕಾದ ಕಂಬದ ಅಕ್ಷರ, ಬಸ್ಸಿನ ನಂಬರು, ಬಸ್ಸಿನ ಹಣೆಯ ಮೇಲೆ ಕಾಣಬೇಕಾದ ಕೊನೆಯ ಊರಿನ ಹೆಸರು, ಕಡೇ ಬಸ್ಸಿನ ಹೊತ್ತು, ಮನೆಯ ವಿಳಾಸ, ಎರಡು ಫೋನ್ ನಂಬರು. ಕೆಳಗೆ ಒಂದು ಸಾಲು: ಹದಿನೈದು ನಿಮಿಷದಲ್ಲಿ ಬಸ್ಸು ಬಾರದಿದ್ದರೆ ರಸ್ತೆಗುಂಟ ನಡೆಯಬೇಡ, ದೀಪವಿರುವ ನಿಲ್ದಾಣದ ಒಳಗೆ ಹೋಗಿ ಫೋನ್ ಮಾಡು. ವೇಳಾಪಟ್ಟಿ ಬದಲಾದಾಗ ಕಾಗದವನ್ನೂ ಬದಲಿಸಿ. ಯುರೋಪಿನ ರೈಲುಗಳಿಗೆ ಹೊಸ ಪಟ್ಟಿ ಡಿಸೆಂಬರ್ ಮಧ್ಯದ ಭಾನುವಾರ ಬರುತ್ತದೆ.