ಕಾಣೆಯಾದ 62

ಪೈಥಾನ್‌ನಲ್ಲಿ ಬರೆದಿದ್ದ ಅಂಕಪಟ್ಟಿಯ ಪುಟ್ಟ ಪ್ರೋಗ್ರಾಮನ್ನು ಗೋ ಭಾಷೆಗೆ ತಂದಾಗ ಒಂದು ಅಂಕ ಮಾಯವಾಗತೊಡಗಿತು. ಪಟ್ಟಿಯಲ್ಲಿ 91, 84, 77, 62, 58 ಇದ್ದವು. ಮೊದಲ ಮೂರನ್ನು ಬೇರೆ ವೇರಿಯಬಲ್‌ಗೆ ತೆಗೆದುಕೊಂಡು, ಅದರ ಕೊನೆಗೆ 100 ಸೇರಿಸಿದೆ. ಮೂಲ ಪಟ್ಟಿಯನ್ನು ನೋಡಿದರೆ 62 ಇದ್ದ ಜಾಗದಲ್ಲಿ 100 ಕೂತಿತ್ತು! ಅರ್ಧ ದಿನ ಲೂಪ್‌ನ ಮೇಲೆಯೇ ಗುಮಾನಿ ಪಟ್ಟೆ. ಪಾಪ, ಅದರದೇನೂ ತಪ್ಪಿರಲಿಲ್ಲ.

ಪೈಥಾನ್ ಲಿಸ್ಟಿನಿಂದ ತುಂಡು ಕತ್ತರಿಸಿದರೆ ಹೊಸ ಲಿಸ್ಟೇ ಹುಟ್ಟುತ್ತದೆ. ಜಾವಾಸ್ಕ್ರಿಪ್ಟ್ ಅರೇಯಿಂದ (ಮೌಲ್ಯಗಳನ್ನು ಸಾಲಾಗಿ ಇಡುವ ಪಟ್ಟಿ) ತೆಗೆದ ಸ್ಲೈಸ್, ಅಂದರೆ ತುಂಡು, ಕೂಡ ಹಾಗೆಯೇ. ಗೋ ಸ್ಲೈಸಿನಲ್ಲಿ ಇರುವುದು ಅರೇಯತ್ತ ಬೊಟ್ಟು ಮಾಡುವ ಪಾಯಿಂಟರ್, ಉದ್ದ ಮತ್ತು ಸಾಮರ್ಥ್ಯ (ತುಂಡಿನ ಶುರುವಿನಿಂದ ಆ ಅರೇಯಲ್ಲಿ ಎಷ್ಟು ಮನೆಗಳಿವೆ ಎಂಬುದು), ಇಷ್ಟೇ. ನನ್ನ ತುಂಡಿನ ಉದ್ದ 3, ಸಾಮರ್ಥ್ಯ ಮಾತ್ರ 5. ಜಾಗವಿದೆಯಲ್ಲ ಎಂದು, ಕೊನೆಗೆ ಸೇರಿಸುವ ಅಪೆಂಡ್ ನಾಲ್ಕನೆಯ ಮನೆಗೇ ಬರೆದುಬಿಟ್ಟಿತು. ಸಾಮರ್ಥ್ಯ ತುಂಬಿದ್ದರೆ ಹೊಸ ಅರೇ ಮಾಡಿಕೊಳ್ಳುತ್ತಿತ್ತು. ಹೀಗಾಗಿ ತಪ್ಪು ಒಮ್ಮೆ ಕಾಣುತ್ತದೆ, ಇನ್ನೊಮ್ಮೆ ಅಡಗುತ್ತದೆ. ನನಗೆ ಸಿಟ್ಟು ತರಿಸಿದ್ದು ಇದೇ.

ತಮಾಷೆಯೆಂದರೆ, ಅದೇ ಗೋದಲ್ಲಿ ನಿಗದಿತ ಉದ್ದದ ಅರೇಯನ್ನು ಇನ್ನೊಂದು ವೇರಿಯಬಲ್‌ಗೆ ಕೊಟ್ಟರೆ ಪೂರ್ತಿ ನಕಲಾಗುತ್ತದೆ. ಪೈಥಾನ್‌ನಲ್ಲಿ ಹಾಗೆ ಮಾಡಿದರೆ ಒಂದೇ ಲಿಸ್ಟಿಗೆ ಎರಡು ಹೆಸರು. ಸಿ ಭಾಷೆಯಂತೂ ಅರೇಗೆ ಅರೇಯನ್ನು ಅಸೈನ್ ಮಾಡಲು ಬಿಡುವುದೇ ಇಲ್ಲ.

ಮೊದಲು ತುಂಡು ತೆಗೆಯುವಲ್ಲೇ 0:3:3 ಎಂದು ಮೂರನೆಯ ಅಂಕಿ ಕೊಟ್ಟು ಸಾಮರ್ಥ್ಯವನ್ನು 3ಕ್ಕೆ ಕಟ್ಟಿಹಾಕಿದೆ. 62 ಮರಳಿತು. ಆದರೆ ಅಪೆಂಡ್‌ಗೆ ಮುಂಚೆ ತುಂಡಿನ 91ನ್ನು ತಿದ್ದುವ ಸಾಲೊಂದಿತ್ತು. ಆಗ ಇನ್ನೂ ಅರೇ ಒಂದೇ ಆದ್ದರಿಂದ ಅದು ಮೂಲವನ್ನೂ ತಿದ್ದುತ್ತಲೇ ಇತ್ತು. ಕೊನೆಗೆ ಗೋ 1.21ರಲ್ಲಿ ಬಂದ ಸ್ಲೈಸಸ್ ಪ್ಯಾಕೇಜಿನ, ನಕಲು ಮಾಡಿಕೊಡುವ ಕ್ಲೋನ್ ಬಳಸಿ ಎರಡನ್ನೂ ಬೇರ್ಪಡಿಸಿದೆ.